ಅಸಿಂಧು ಒಂಬತ್ತು

ಅಭ್ಯರ್ಥಿ ಯಾರೆಂದು ಬ್ಯಾನರಿಗೆ ಮೊದಲೇ ಗೊತ್ತಿತ್ತು.
ಸೋಹಾರಿನ ಹೋಟೆಲೊಂದರ ಮಹಡಿ ಹಾಲಿನಲ್ಲಿ
ಶುಕ್ರವಾರದ ನಮಾಜು ಮುಗಿಯುವ ಮುಂಚೆಯೇ
ಏಣಿ ಹತ್ತಿ ಕಟ್ಟಿದ್ದರು ಹುಡುಗರು:
ನಮ್ಮ ಬಣ, ನಮ್ಮ ಬಲ್ಲಾಳರು.
ಹಾರ ಕೆಳಗೆ ಫ್ರಿಜ್ಜಿನಲ್ಲಿತ್ತು, ಮೊಸರಿನ ಡಬ್ಬಿಗಳ ಪಕ್ಕ.

ಸಂಘದ ಚುನಾವಣೆ ಇನ್ನೂ ತಿಂಗಳಾಚೆ.
ಇವತ್ತಿನದು ಬಣದೊಳಗಿನ ಶಾಸ್ತ್ರ,
ಮದುವೆಯಾದ ಮೇಲೆ ಜಾತಕ ನೋಡಿದ ಹಾಗೆ.
ಚೀಟಿಯಲ್ಲಿ ಒಂದೇ ಹೆಸರು. ಕೆಳಗೆ ಇನ್ನೊಂದು ಚೌಕ:
ಒಪ್ಪಿಗೆ ಇಲ್ಲ.
ಬೇಕೆಂದು ಇಟ್ಟದ್ದಲ್ಲ ಅದು.
ಇಪ್ಪತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮ
ಕುಂದಾಪುರ ಕಡೆಯ ಒಂದು ಸಹಕಾರಿ ಸಂಘದ ಬೈಲಾವನ್ನು
ಅಲ್ಪವಿರಾಮವೂ ಬಿಡದೆ ಇಳಿಸಿಕೊಂಡಿದ್ದ.
ಕೋಳಿ ಸಾಕಣೆ ಸಾಲದ ಕಲಮೂ ಇದೆ ಅದರಲ್ಲಿ.

ಎಣಿಸುವವನು ನಾನು. ಕೋಲ್ಡ್ ಸ್ಟೋರೇಜಿನ ಅಕೌಂಟೆಂಟ್,
ಯಾರ ಕಡೆಯೂ ಅಲ್ಲದವನೆಂದು ಹೆಸರು.
(ನನ್ನ ತಮ್ಮನ ವೀಸಾ ಬಲ್ಲಾಳರು ಕೊಡಿಸಿದ್ದು.)

ಹಸನಬ್ಬನ ಬಸ್ಸು ಫಲಜಿನ ಕ್ಯಾಂಪಿನಿಂದ ಎರಡು ಟ್ರಿಪ್ ಹೊಡೆಯಿತು.
ಕ್ಯಾಂಪು ಬಲ್ಲಾಳರದು, ಬಸ್ಸು ಬಲ್ಲಾಳರದು,
ಊಟದ ಟೋಕನ್ನೂ ಅವರದೇ.
ಇಸ್ತ್ರಿ ಅಂಗಿ ತೊಟ್ಟು ಇಳಿದವರು
ಎ.ಸಿ.ಯ ಕೆಳಗೆ ಒಂದು ಗಳಿಗೆ ಸುಮ್ಮನೆ ನಿಂತು
ಆಮೇಲೆ ಸಾಲು ಸೇರಿದರು. ಮಾತಿಲ್ಲ.
ಪೆನ್ನಿಗೆ ಕಟ್ಟಿದ ದಾರ ಗಿಡ್ಡವಾಗಿ
ಎಲ್ಲರೂ ಬಗ್ಗಿಯೇ ಬರೆಯಬೇಕಾಯಿತು.

ಬಲ್ಲಾಳ. ಬಲ್ಲಾಳ. ಬಲ್ಲಾಳ.
ಹನ್ನೆರಡನೆಯ ಚೀಟಿಗೆ ನಾಲಿಗೆ ತಡವರಿಸಿತು.
ಪಕ್ಕದಲ್ಲಿ ಲಾದ್ರು ಪಿಂಟೊ ಕನ್ನಡಕ ಏರಿಸಿದ:
ಓದಿ ಮಾರಾಯ್ರೆ, ಇದ್ದದ್ದನ್ನು ಓದಿ.
ಒಪ್ಪಿಗೆ ಇಲ್ಲ, ಅಂದೆ,
ತಪ್ಪು ನನ್ನದೇ ಎಂಬಂತೆ ಮೆಲ್ಲಗೆ.
ಮತ್ತೊಂದು. ಮತ್ತೆ ಎರಡು ಒಟ್ಟಿಗೆ.
ಮುಂದಿನ ಸಾಲಿನಲ್ಲಿ ಬಲ್ಲಾಳರು
ನಗುವನ್ನು ಹಾಗೇ ಇಟ್ಟುಕೊಂಡಿದ್ದರು,
ಫೋಟೋ ಇನ್ನೂ ತೆಗೆದಿಲ್ಲವೇನೋ ಎಂಬ ಹಾಗೆ.

ಆಮೇಲೆ ಬಂದವು, ಬರಹ ಇದ್ದವು.
ಒಂದರಲ್ಲಿ: ಪಾಸ್‌ಪೋರ್ಟ್ ಕೊಡಿ ಸಾರ್.
ಒಂದರಲ್ಲಿ ಕೂಲರಿನ ಚಿತ್ರ, ಅದರ ಮೇಲೆ ಅಡ್ಡಗೀಟು.
ಒಂದರಲ್ಲಿ, ಕೈ ಪಳಗದ ದುಂಡು ಅಕ್ಷರದಲ್ಲಿ,
ಮಾರ್ಚಿ. ಏಪ್ರಿಲ್. ಮೇ.
ಅಷ್ಟೇ. ಪೆನ್ನು ಓಡುತ್ತದೋ ನೋಡಿದ್ದಾನೆ ಅಂದುಕೊಂಡೆ ಮೊದಲು.
ಬೈಲಾ, ಕಲಮು ಹದಿನಾಲ್ಕು: ಗುರುತಲ್ಲದೆ ಬೇರೇನಿದ್ದರೂ ಅಸಿಂಧು.
ಬಾಯಿ ಮುಚ್ಚಿ ಬೇಡವೆಂದವನ ಮತ ಮತ.
ಯಾಕೆ ಎಂದು ಹೇಳಿದವನದು ಕಾಗದ.

ಇನ್ನೊಂದು ಚೀಟಿ ಬಿಡಿಸಿ ಸುಮ್ಮನಾದೆ.
ಕೆಳಗಿನ ಚೌಕದಲ್ಲಿ ಸರಿಗುರುತು,
ಬಾಲ ಉದ್ದಕ್ಕೆ ಮೇಲೆ ಹೋಗಿ ಗೆರೆ ದಾಟಿ ಬಾಗಿದ್ದು.
ಆ ಬಾಲ ನನಗೆ ಗೊತ್ತು. ದಿನಾ ರಾತ್ರಿ ಊಟದ ಮೇಜಿನ ಮೇಲೆ
ಏಳನೆಯ ಕ್ಲಾಸಿನ ಮೂವತ್ತು ನೋಟುಪುಸ್ತಕದಲ್ಲಿ
ಕೆಂಪು ಶಾಯಿಯಲ್ಲಿ ಕಂಡದ್ದು.
ಹಿಂದಿನ ಸಾಲಿನಲ್ಲಿ ವಿನೋದಿನಿ ಚೀಲದೊಳಗೆ ಏನೋ ಹುಡುಕುತ್ತಿದ್ದಳು.
ನನ್ನ ಚೀಟಿ ಆಗಲೇ ಆಚೆ ಕಟ್ಟಿನಲ್ಲಿತ್ತು,
ಅಚ್ಚುಕಟ್ಟಾದ ಗುರುತು, ಮೇಲಿನ ಚೌಕದಲ್ಲಿ.

ಒಟ್ಟು ನೂರ ಹದಿನೆಂಟು. ಎಪ್ಪತ್ತೊಂಬತ್ತು, ಮೂವತ್ತು, ಅಸಿಂಧು ಒಂಬತ್ತು.
ಹಾರ ಬಂತು. ತಣ್ಣಗಿತ್ತು ಎಂದು ಕಾಣುತ್ತದೆ,
ಕುತ್ತಿಗೆಗೆ ತಾಗಿದಾಗ ಬಲ್ಲಾಳರು ಒಂದು ಸಲ ನಡುಗಿದರು.
ಕ್ಯಾಂಪಿನವರು ಚಪ್ಪಾಳೆ ತಟ್ಟಿದರು, ಎಲ್ಲರೂ,
ಯಾರು ತಟ್ಟಲಿಲ್ಲವೆಂದು ತಿಳಿಯದಷ್ಟು.

ವಾಪಸು ಹೈವೇಯಲ್ಲಿ ಬಲಕ್ಕೆ ಸ್ಮೆಲ್ಟರಿನ ದೀಪಗಳು.
ಗಾಜಿನ ಹೊರಗೆಲ್ಲ ಬೆವರು, ವೈಪರ್ ಹಾಕಿದೆ.
ಅಸಿಂಧುವಿನಲ್ಲಿ ಏನಿತ್ತು? ಕೇಳಿದಳು.
ತಿಂಗಳುಗಳ ಹೆಸರು, ಅಂದೆ. ಮಾರ್ಚಿಯಿಂದ ಮೇವರೆಗೆ.
ಅವಳು ಕಿಟಕಿ ಕಡೆ ತಿರುಗಿದಳು.
ರೌಂಡಬೌಟ್ ದಾಟಿದ ಮೇಲೆ,
ಇವತ್ತು ಜೂನ್ ಹನ್ನೆರಡು, ಅಂದಳು.