ಸ್ಟೆಪ್ನಿ

ಹೊಸಾ ಗಾಡಿ ಕೊಡೂ ದಿನ ಕಾಯಿ ಒಡಿಸಿದ್ರು,
ರಟ್ಟಿನ ದೊಡ್ಡ ಚಾವಿ ಕೈಗೆ ಕೊಟ್ಟು ಫೋಟೋ ತಗದ್ರು.
ಮನಿಗೆ ಬಂದು ಡಿಕ್ಕಿ ತಗದ್ರ
ಸಿಎನ್‌ಜಿ ಟಾಕಿ, ಉಂಡ ಬೀಗರ ಗತೆ
ಅಡ್ಡ ಮಲಗೇತಿ.
ಸ್ಟೆಪ್ನಿ ಎಲ್ಲಿ?
‘ಈಗಿನ ಗಾಡಿಗೆ ಬರೂದಿಲ್ಲರಿ ಮೇಡಮ್, ಕಿಟ್ ಐತಿ’
ಅಂದ ಷೋರೂಮಿನ ಹುಡುಗ.
ಅಂಗೈಯಗಲದ ಪಂಪು, ಒಂದು ಬಾಟ್ಲಿ ಅಂಟು.

ಜಾಲಿಮುಳ್ಳಿಗಾದ್ರ ಸಾಕಿತ್ತು ಅದು.
ಹೊನವಾಡದ ಆಚೆ ಫರ್ಸಿಕಲ್ಲು ಟಾಯರಿನ ಪಕ್ಕಡಿ ಸೀಳಿತು.
ಬಾಟ್ಲಿ ಪೂರಾ ಕುಡಿಸಿದೆ;
ಕೂಸು ಹಾಲು ಕಕ್ಕಿದಂಗ
ಸೀಳಿನಾಗಿಂದ ಬೆಳ್ಳಗ ನೊರಿ ಬಂತು.
ಒಣದ್ರಾಕ್ಷಿ ಸ್ಯಾಂಪಲ್ಲು ಹದಿನಾಕು ಪಾಕೀಟು ಉಡಿಯಾಗ ಇಟಗೊಂಡು
ಟೆಂಪೊ ಬರೂತನಕ ಮೂರು ತಾಸು ಕುಂತೆ.
ಮನಿ ಮುಟ್ಟಿದಾಗ ಪಾಕೀಟು ಹನ್ನೆರಡು.

ಅದಕ್ಕ ಈ ಐತವಾರ ಇಂಡಿ ರಸ್ತೆದಾಗ
ಬಂದಗಿಸಾಬನ ಗುಜರಿ.
ಜ್ವಾಳದ ಚೀಲ ಒಟ್ಟಿದಂಗ ಗಾಲಿ, ತಗಡಿನ ಮಾಡಿನ ತನಕ.
ದ್ರಾಕ್ಷಿ ಆಗಿದ್ರ ಕಣ್ಣು ಮುಚ್ಚಿ ಹೇಳ್ತಿದ್ದೆ,
ಎರಡು ಬೆರಳಾಗ ಉರುಳಿಸಿ,
ಯಾವ ಶೆಡ್ಡಿನ ನೆರಳಾಗ ಎಷ್ಟು ದಿನ ಒಣಗೇತಿ,
ಗಂಧಕದ ಹೊಗಿ ಎಷ್ಟು ಕುಡದೈತಿ.
ಗಾಲಿ ಮುಂದ ನಾನು
ಸಂತ್ಯಾಗ ಕೈ ಬಿಟ್ಟ ಹುಡುಗಿ.

‘ಗಾಡಿ ಹೆಸರು ಬ್ಯಾಡ್ರಿ ಬಾಯಾರ, ತೂತು ಹೇಳ್ರಿ.’
ನಾಕು.
‘ತೂತಿನಿಂದ ತೂತಿಗೆ?’
ಫೋನಿನಾಗ ಬರಕೊಂಡು ಹೋಗಿದ್ದೆ: ನೂರು ಮಿಲಿಮೀಟರ್.
ಅಗಲ ಹದಿನೈದು ಇಂಚು.
‘ಪಾಸು’ ಅಂದ, ಶಾಲಿ ಮಾಸ್ತರನ ಹಂಗ.

ಮೊದಲನೇದು ಅಲಾಯ್, ಮದಲಗಿತ್ತಿ ಹಂಗ ಹೊಳೀತಿತ್ತು,
ಎಣಿಸಿದ್ರ ಐದು ತೂತು.
ಎರಡನೇದು ತೆಳ್ಳಗ, ಮ್ಯಾಲೊಂದು ಹಳದಿ ಚೀಟಿ: ಎಂಬತ್ತರ ಮ್ಯಾಲ ಓಡಿಸಬ್ಯಾಡ.
ಎಂಬತ್ತು ಎಲ್ಲಿ ಓಡಸ್ಲಿ, ಇದ ಇರಲಿ ಅಂದೆ.
ಅವನ ಬ್ಯಾಡ ಅಂದ:
‘ಎರಿ ಹೊಲದ ಹಾದಿಗೆ ಇದು ಗಾಲಿ ಅಲ್ರಿ, ಚಾಕು.’

ಮೂರನೇದನ್ನ ಅಡೀಲಿಂದ ಎಳದ.
ಕರೇ ಕಬ್ಬಿಣದ್ದು. ಅಂಚಿಗೆ ತುಸು ತುಕ್ಕು.
ಟಾಯರಿನ ಮ್ಯಾಲ ನಾಕು ಅಂಕಿ: ಮೂವತ್ತೆರಡು, ಹತ್ತೊಂಬತ್ತು.
ಹತ್ತೊಂಬತ್ತರ ಶ್ರಾವಣದಾಗ ಹುಟ್ಟಿದ್ದು.
ಆಗ ನನಗ ಕ್ಲಚ್ಚು ಯಾವುದು ಬ್ರೇಕು ಯಾವುದು ಗೊತ್ತಿರಲಿಲ್ಲ.
ವಯಸ್ಸಾತಲ್ಲ ಅಂದೆ.
‘ವಯಸ್ಸು ನೋಡಬ್ಯಾಡ್ರಿ, ಕೈ ಆಡಸ್ರಿ.’
ಆಡಿಸಿದೆ. ರಬ್ಬರಿನ ಎಳಿಗೂದಲು ಬೆರಳಿಗೆ ಚುಚ್ಚಿದ್ವು,
ಒಂದೂ ಸವದಿಲ್ಲ.
ನೆಲಾನ ಕಂಡಿಲ್ಲ ಇದು.

‘ನಾಕೂ ಹೋದ್ವು. ಇದು ಡಿಕ್ಕ್ಯಾಗ ಇತ್ತು, ಉಳೀತು.’

ಮಂದಿ?

ಚಾ ಬಂತು. ಅವ ಕುಡದ.
ನನ್ನ ಗಾಡಿ ಜ್ಯಾಕಿಗೆ ಎತ್ತಿ, ಗಾಲಿ ಕೂಡಿಸಿ, ನಟ್ಟು ಬಿಗದು, ತಿರುವಿ ಬಿಟ್ಟ.
ಎಲ್ಲೂ ತಾಗಲಿಲ್ಲ. ಬಾಳೊತ್ತು ತಿರಗಿತು, ಸದ್ದಿಲ್ಲದ.
ಅದು ನಿಂತ ಮ್ಯಾಲ, ನಾ ಕೇಳದನ, ಗಾಲಿಗೆ ಹೇಳಿದಂಗ ಹೇಳಿದ:
‘ಆರಾಮದಾರ್ರಿ ಎಲ್ಲಾರೂ. ವಿಮೆ ರೊಕ್ಕದಾಗ ಟ್ರ್ಯಾಕ್ಟರ್ ತಂದಾರ.’

ಆ ದನಿ ನನಗ ಗೊತ್ತು.
ವ್ಯಾಪಾರಿ ಮುಂದ ಪಾಕೀಟು ಸುರುವಿ
‘ಗಂಧಕ ಹಾಕಿಲ್ಲರಿ’ ಅಂತೀನಲ್ಲ,
ಅದ ದನಿ.
ಆದ್ರೂ ರೊಕ್ಕ ಎಣಿಸಿದೆ. ಎರಡು ಸಾವಿರದ ಎರಡುನೂರು,
ಜ್ಯಾಕು, ಪಾನಾ ಬ್ಯಾರೆ.

ಡಿಕ್ಕ್ಯಾಗ ಬೀಗರು ಸರಿಯೂದಿಲ್ಲ.
ಹಿಂದಿನ ಸೀಟಿನ ತುಂಬ ಪಾಕೀಟು.
ಬಾಜೂ ಸೀಟಿಗೆ ಕೂಡಿಸಿದೆ.
ಚಾವಿ ತಿರುವಿದ್ದ ತಡ, ಗಾಡಿ ಕುಂಯ್ ಕುಂಯ್ ಶುರು ಮಾಡ್ತು:
ಯಾರೋ ಕುಂತಾರ, ಬೆಲ್ಟ್ ಹಾಕಿಲ್ಲ.
ಹಾಕಿದೆ.
ಸುಮ್ಮನಾತು.

ಸೋಮವಾರ ವ್ಯಾಪಾರಿ ಒಂದು ಮುಟಗಿ ದ್ರಾಕ್ಷಿ ತಗೊಂಡು ಮೂಸಿದ.
‘ಏನಕ್ಕಾ, ಟಾಯರ್ ವಾಸನಿ?’
ಗಂಧಕ ಹಾಕಿಲ್ಲರಿ, ಅಂದೆ.
ಮೊದಲನೇ ಸಲ ಆ ಮಾತಿಗೆ
ನನಗ ನಗಿ ಬಂತು.