ಎಂಟುನೂರ ಅರವತ್ತನಾಲ್ಕು ಕಣ್ಣು

ಲೌಶಾದಲ್ಲಿ ಗಾಜಿನ ಕಣ್ಣು ಮಾಡುತ್ತಾರೆ.
ಗುಂಡುಲಾ ಅಲ್ಲಿ ದಾಸ್ತಾನಿನ ಲೆಕ್ಕದವಳು.
ಮರದ ಖಾನೆಗಳಲ್ಲಿ ಹತ್ತಿಯ ಮೇಲೆ ಮಲಗಿ
ಮಿಟುಕದೆ ನೋಡುವ ಸರಕನ್ನೆಲ್ಲ
ಕಂಪ್ಯೂಟರಿಗೆ ಏರಿಸಬೇಕು, ಶುಕ್ರವಾರದೊಳಗೆ.

ಬಣ್ಣದ ಕಾಲಂ: ಹದಿನೆಂಟು.
ಅಳತೆ ಆರು. ಬಿಳಿಯಲ್ಲೇ ನಾಲ್ಕು ಬಗೆ:
ಹಾಲು, ಮಾಸಲು, ಹಳದಿ ಸುಳಿದದ್ದು, ಕೂಸಿನ ನೀಲಿಬಿಳಿ.
ಪ್ರತಿಯೊಂದಕ್ಕೂ ಪ್ರತಿಯೊಂದನ್ನು ಕೂಡಿಸು ಎಂದು
ಒಂದೇ ಸಾಲಿನ ಅಪ್ಪಣೆ ಕೊಟ್ಟಳು.
ಬಂದ ಉತ್ತರ: ಸೊನ್ನೆ.

ಎಡ, ಬಲ ತುಂಬುವುದು ಮರೆತಿತ್ತು.
ಒಂದು ಕಾಲಂ ಬರಿದಾದರೆ ಉಳಿದವು ಎಷ್ಟಿದ್ದೇನು,
ಸೊನ್ನೆಯ ಮಗ್ಗಿ ಯಾರಿಗೆ ಗೊತ್ತಿಲ್ಲ?
ಎರಡೇ ಪದ ಬರೆದಳು. ಪರದೆ ತುಂಬ
ಎಂಟುನೂರ ಅರವತ್ತನಾಲ್ಕು ಸಾಲು ಕಣ್ಬಿಟ್ಟವು.

ಗಾಜು ಊದುವ ಎಕ್‌ಬರ್ಟ್ ಕನ್ನಡಕ ಹಣೆಗೇರಿಸಿ ಬಗ್ಗಿದ:
"ಇದೇನಿದು, ಆರುನೂರ ಹನ್ನೊಂದು?
ಜೇನುಕಂದು, ಅಂಚಿಗೆ ಬೂದಿ, ನೀಲಿಬಿಳಿ,
ಎಲ್ಲಕ್ಕಿಂತ ದೊಡ್ಡ ಅಳತೆ, ಎಡ.
ತೊಟ್ಟಿಲ ಕೂಸಿನ ಬಿಳಿಗೆ ಪೈಲ್ವಾನನ ಗಾತ್ರ!
ನಲವತ್ತು ವರ್ಷ ಊದಿದ್ದೇನೆ, ಇಂಥ ಮುಖ ಕಂಡಿಲ್ಲ.
ಅಳಿಸು."

ಅವಳು ಅಳಿಸಲಿಲ್ಲ. ದಾಸ್ತಾನಿನ ಕಾಲಮಿಗೆ ಸೊನ್ನೆ ಹಾಕಿ
ಕೆಳಗಿನ ಸಾಲಿಗಿಳಿದಳು.

ಗುರುವಾರ ಸಂಜೆ, ಎಲ್ಲರೂ ಹೋದ ಮೇಲೆ,
ಒಲೆಯ ಉರಿ ಉಸ್ಸೆನ್ನುವುದು ಕೇಳಿಸಿತು.
"ಯಾರ ಆರ್ಡರು?" ಎಂದಳು ಬಾಗಿಲಲ್ಲಿ ನಿಂತು.
ಕೊಳವೆ ತುಟಿಯಲ್ಲಿತ್ತು, ಮಾತಾಡಲಿಲ್ಲ;
ಗಡ್ಡದಿಂದಲೇ ಪರದೆಯ ಕಡೆ ಸನ್ನೆ ಮಾಡಿದ.

ಇನ್ನೂ ಬೆಚ್ಚಗಿದ್ದ ಕಣ್ಣು ಅಂಗೈಗೆ ಬಂತು.
ಸೊನ್ನೆ ತೆಗೆದು ಒಂದು ಎಂದು ಬರೆದಳು.