ಜೇಬಿಗೆ ಹಿಡಿಯದ್ದು

ಜೇಬಿನ ವಿಷಯ ನನಗೆ ಹೇಳಬೇಡಿ.
ಹನ್ನೊಂದು ವರ್ಷದಿಂದ ಮತ್ರಾದ ಈ ಲಾಂಡ್ರಿಯಲ್ಲಿ
ದಿನಕ್ಕೆ ನೂರಿಪ್ಪತ್ತು ಜೇಬು ಇಸ್ತ್ರಿ ಮಾಡಿದ್ದೇನೆ.
ಯಾವುದರಲ್ಲಿ ಪೆನ್ನು ಸೋರಿತ್ತು, ಯಾವುದರಲ್ಲಿ ಖರ್ಜೂರದ ಬೀಜ,
ಯಾವುದು ತಿಂಗಳ ಕೊನೆಗೆ ಬರಿದಾಗಿ
ಎರಡು ಪದರ ಒಂದಾಗಿತ್ತು,
ಬೆರಳಿಗೆ ಗೊತ್ತು.

ಅದಕ್ಕೇ ಹಂಝಾ ತನ್ನಂಗಡಿಯ ಗಾಜಿನ ಮೇಲೆ
ಬೆಳ್ಳಿಬಣ್ಣದ ಪುಟಾಣಿ ಕ್ಯಾಮೆರಾ ಇಟ್ಟು
'ಅಂಗಿ ಜೇಬಿಗೆ ಹಾಕ್ಕೊಂಡು ಮರೆತುಬಿಡಬಹುದು ಭಾಯ್' ಅಂದಾಗ
ನಾನು ನಕ್ಕೆ.
ಜೇಬಿಗೆ ಹಾಕಿ ಮರೆತದ್ದೆಲ್ಲ ಕೊನೆಗೆ
ಬರುವುದು ನನ್ನ ಮೇಜಿಗೇ.

ಇನ್ನೊಂದು ಎವಾರಿಸ್ತೊ ಮೇಷ್ಟರದ್ದು.
ಶಾಲೆಯ ಕೆಲಸ ಮುಗಿಸಿ ಗೋವೆಗೆ ಹೊರಟವರು
ಕೊನೆಯ ಸೂಟು ಒಯ್ಯಲು ಬಂದಾಗ
ಹೆಗಲಿಂದ ಇಳಿಸಿ ಇಟ್ಟರು: ಕರಿಯದು, ದಪ್ಪನೆಯದು,
ಹಿಡಿಯ ರಬ್ಬರು ಅರ್ಧ ಎದ್ದು ಬಂದದ್ದು.
'ಆರು ಮೆಗಾಪಿಕ್ಸೆಲ್. ಈಗಿನವರು ನಗುತ್ತಾರೆ.
ಮೂವತ್ತು ರಿಯಾಲ್ ಕೊಡು, ಇಲ್ಲಾ ಬೇಡ ಅನ್ನು.'
ಹಂಝಾನದು ಹನ್ನೆರಡು, ಬೆಲೆ ಅದೇ ಮೂವತ್ತು.
ಲೆಕ್ಕ ಬಲ್ಲವನಿಗೆ ಇಲ್ಲಿಗೇ ಮುಗಿಯಿತು.

ಎತ್ತಿ ನೋಡಿದೆ. ಇಸ್ತ್ರಿಪೆಟ್ಟಿಗೆಯ ಅರ್ಧ ತೂಕ.
ಕೈ ಗಾಬರಿಯಾಗಲಿಲ್ಲ.

ಒಂದು ಶುಕ್ರವಾರ ಎರಡನ್ನೂ ಕೇಳಿ ತಂದೆ.
ರೂಮಿನಿಂದ ಐದು ಜನ, ಕಡಲ ದಂಡೆಯ ಕಟ್ಟೆಗೆ.
ಜೂನ್ ತಿಂಗಳ ಸಂಜೆ; ಗಾಳಿಯೇ ಒದ್ದೆ ಟವೆಲ್ಲು.
ಏಸಿಯಿಂದ ಹೊರಬಂದ ದಪ್ಪ ಕ್ಯಾಮೆರಾದ ಕಣ್ಣಿಗೆ ತಕ್ಷಣ ಮಬ್ಬು.
ಒರೆಸಿದಷ್ಟೂ ಬೆವರಿತು.
ಮೇಷ್ಟರು ಹೇಳಿದ್ದರು: ಒರೆಸಬೇಡ, ಕಾಯು,
ಅದಕ್ಕೂ ಊರು ಒಗ್ಗಬೇಕು.

ನಾನು ಕಾಯುವಷ್ಟರಲ್ಲಿ ಚಿಕ್ಕದು ಕೈಯಿಂದ ಕೈಗೆ ಓಡಾಡಿ
ಅರವತ್ನಾಲ್ಕು ಫೋಟೋ ಹೊಡೆದಿತ್ತು.
ಇಳಿಬಿಸಿಲಿಗೆ ಪರದೆ ಕಪ್ಪಾಗಿ
ಎಲ್ಲರೂ ತಂತಮ್ಮ ಮುಖವನ್ನೇ ಅದರಲ್ಲಿ ಕಂಡು
ಅಂದಾಜಿಗೆ ಒತ್ತಿದರು.
ಒತ್ತಿದ ಮೇಲೆ ಅದು ಒಂದು ಉಸಿರು ಯೋಚಿಸುತ್ತಿತ್ತು,
ಸಾಲದ ಮಾತು ಕೇಳಿಸಿಕೊಂಡ ನೆಂಟನ ಹಾಗೆ.
ಅಷ್ಟರಲ್ಲಿ ನಗು ಮುಗಿದು ಹಲ್ಲು ಮಾತ್ರ ಉಳಿದಿರುತ್ತಿತ್ತು.

ಆದರೂ ಮಜಾ ಅದರಲ್ಲೇ ಇತ್ತು, ಸುಳ್ಳು ಹೇಳಲಾರೆ.
ಶೀನ ಕಟ್ಟೆಯ ಮೇಲೆ ಹುಂಜನ ಹಾಗೆ ಕುಣಿದದ್ದು,
ಐಸ್‌ಕ್ರೀಂ ಹಿಡಿದ ಬಲೂಚಿ ಹುಡುಗರು ನಡುವೆ ನುಗ್ಗಿದ್ದು.
ದೊಡ್ಡದನ್ನು ಎತ್ತಿದರೆ ಸಾಕು, ಎಲ್ಲರೂ
ಕಾಲರ್ ಎಳೆದುಕೊಂಡು ನೆಟ್ಟಗೆ,
ಪಾಸ್‌ಪೋರ್ಟ್ ಆಫೀಸಿನಲ್ಲಿ ನಿಂತ ಹಾಗೆ.

ಮೊಫಿಜುಲ್ ಮಾತ್ರ ನಿಲ್ಲಲಿಲ್ಲ.
ದೋಣಿಗಳ ಕಡೆ ತಿರುಗಿ
ತೋಳಿನ ಗುಂಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಾಕಿಕೊಳ್ಳುತ್ತಿದ್ದ.
ಬಾಯ್ಲರಿನಲ್ಲಿ ಎಡಗೈ ಸುಟ್ಟಾಗಿನಿಂದ ಅವನದು ಹಾಗೆಯೇ.
ನಾನು ಒಂದು ಕಣ್ಣು ಮುಚ್ಚಿದೆ.
ಕಿಂಡಿಯೊಳಗೆ ಕೋಟೆ, ಗದ್ದಲ, ಹುಂಜ ಎಲ್ಲ ಹೊರಗುಳಿದು
ಅವನೊಬ್ಬನೇ.
ಒತ್ತಿದ ಕೂಡಲೇ ಟಕ್.

ರಾತ್ರಿ ಸೈಬರ್ ಕೆಫೆಯಲ್ಲಿ ನೋಡಿದೆವು.
ಅರವತ್ನಾಲ್ಕರಲ್ಲಿ ಅರವತ್ನಾಲ್ಕು ಸಲ ನಾವಿದ್ದೆವು.
ಇದರಲ್ಲಿ ಮೂರೇ; ಎರಡು ಬರೀ ಹೊಗೆ.
ಮೂರನೆಯದರಲ್ಲಿ ಮೊಫಿಜುಲ್, ಹಲ್ಲಿನಲ್ಲಿ ಗುಂಡಿ,
ತಲೆಯ ಮೇಲೆ ಬಾನಿನಲ್ಲಿ ಒಂದು ಹಕ್ಕಿ.
'ಕಡಲಕಾಗೆ' ಅಂದ ಶೀನ.
ಹೊಗೆಯ ಎರಡರಲ್ಲೂ ಅದೇ ಜಾಗದಲ್ಲಿ ಅದೇ ಹಕ್ಕಿ.

ಮೇಷ್ಟರು ಫೋನಿನಲ್ಲಿ ನಕ್ಕರು: ಹಕ್ಕಿಯಲ್ಲ ಮಾರಾಯ, ಧೂಳು.
ನಿಜ್ವಾದ ದಾರಿಯಲ್ಲಿ ಲೆನ್ಸ್ ಬದಲಿಸುವಾಗ ಒಳಗೆ ಹೋದದ್ದು,
ನಾಲ್ಕು ವರ್ಷವಾಯಿತು.
ರೂವಿಯಲ್ಲಿ ಎರಡು ರಿಯಾಲಿಗೆ ಕ್ಲೀನ್ ಮಾಡಿಕೊಡುತ್ತಾರೆ.

ಚಿಕ್ಕದನ್ನು ಹಂಝಾನಿಗೆ ಒಪ್ಪಿಸಿದೆ.
'ತಪ್ಪು ಮಾಡಿದೆ ಭಾಯ್' ಅಂದ. ಇರಬಹುದು.
ಇದಕ್ಕೆ ಗೋಡೆಯಲ್ಲೊಂದು ಮೊಳೆ ಹೊಡೆದಿದ್ದೇನೆ.
ಕ್ಲೀನಿಗೆಂದು ಎತ್ತಿಟ್ಟ ಎರಡು ರಿಯಾಲ್ ಎರಡು ಸಲ ಖರ್ಚಾಯಿತು.
ದಿನವಿಡೀ ಊರವರ ಕಲೆ ತೆಗೆಯುವವನು
ಇದೊಂದನ್ನು ಬಿಟ್ಟಿದ್ದೇನೆ.

ಮೊಫಿಜುಲ್ ಮನೆಗೆ ಕಳಿಸುವ ಮುಂಚೆ ಫೋಟೋದ ಹಿಂದೆ ಏನೋ ಬರೆದ.
ಬಂಗಾಳಿ ನನಗೆ ಬಾರದು, ಅವನೇ ಅರ್ಥ ಹೇಳಿದ:
'ಇಲ್ಲಿ ಹಕ್ಕಿಗಳೂ ಇವೆ.'